ಮೇಳಿಗೆಯ ಪಂಕ್ತಿಯಲ್ಲಿ ಕುಳಿತವರು

1951ರ ಕಾಗೋಡು ಸತ್ಯಾಗ್ರಹವನ್ನು ನೆನೆಯುವವರು ಮೊದಲು ಎತ್ತುವುದು ಕೊಳಗದ ಮಾತು. ಸಾಗರ ತಾಲೂಕಿನ ಆ ಹಳ್ಳಿಯಲ್ಲಿ ಗೇಣಿ ಭತ್ತ ಅಳೆಯುತ್ತಿದ್ದ ಕೊಳಗ ವಾಡಿಕೆಯ ಅಳತೆಗಿಂತ ದೊಡ್ಡದು. ನೋಡುವ ಕಣ್ಣಿಗೆ ಅದೂ ಕೊಳಗವೇ. ಇನ್ನೊಂದು ಕಟ್ಟುಪಾಡೂ ಇತ್ತು: ಗೇಣಿ ಮಾಡುವ ದೀವರ ಸಮುದಾಯದವರು ಒಡೆಯರೆದುರು ಮೊಣಕಾಲಿನಿಂದ ಕೆಳಗಿಳಿಯುವಂತೆ ಪಂಚೆ ಉಡುವಂತಿರಲಿಲ್ಲ. ಬೆಳೆದವನು ಎಂಥವನೆಂಬುದನ್ನು ಪಂಚೆಯ ಅಂಚೇ ತೀರ್ಮಾನಿಸುತ್ತಿತ್ತು. ಗಣಪತಿಯಪ್ಪನವರು ರೈತರನ್ನು ಒಗ್ಗೂಡಿಸಿದರು, ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ಬೆಂಬಲಕ್ಕೆ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು.

ಇದನ್ನು ಬರೀ ಭೂಮಿಯ ಹೋರಾಟವೆಂದು ಓದಿದರೆ ಸಾಲದು. ಉಡುಗೆ, ಹುಟ್ಟು ನೋಡಿ ಮನುಷ್ಯನನ್ನು ಅಳೆಯಬಹುದೇ ಎಂಬುದು ಧರ್ಮದ ಪ್ರಶ್ನೆ. ಅದು ಹಳೆಯದೂ ಹೌದು. ಈ ಸೀಮೆಯಲ್ಲಿ ಬೇರೂರಿದ ಜೈನ ಧರ್ಮವೂ ಅದನ್ನು ಎದುರಿಸಿತ್ತು. ಹೊಸನಗರ ತಾಲೂಕಿನ ಹೊಂಬುಜದಲ್ಲಿ ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿ ಇಂದಿಗೂ ಇದೆ. ಅದಕ್ಕೂ ಶತಮಾನಗಳ ಮೊದಲೇ, ಜೈನ ಗೃಹಸ್ಥರಿಗೆಂದು 'ರತ್ನಕರಂಡಕ ಶ್ರಾವಕಾಚಾರ' ಬರೆದ ಸಮಂತಭದ್ರಾಚಾರ್ಯರು, ಸಮ್ಯಗ್ದರ್ಶನವುಳ್ಳವನು ಚಾಂಡಾಲನಾಗಿ ಹುಟ್ಟಿದ್ದರೂ ಪೂಜ್ಯನೇ, ಅವನು ಬೂದಿಯೊಳಗೆ ಬೆಳಗುವ ಕೆಂಡದಂತೆ ಎಂದಿದ್ದರು.

ತೀರ್ಥಹಳ್ಳಿಯ ಕುಪ್ಪಳಿಯಲ್ಲಿ ಬೆಳೆದ ಕುವೆಂಪು 1944ರ 'ಶೂದ್ರ ತಪಸ್ವಿ' ನಾಟಕದಲ್ಲಿ ಇದೇ ಪ್ರಶ್ನೆಯನ್ನು ರಾಮನ ಮುಂದಿಟ್ಟರು. ಮಗನನ್ನು ಕಳೆದುಕೊಂಡ ಬ್ರಾಹ್ಮಣ, ತಪಸ್ಸಿಗೆ ಕುಳಿತ ಶೂದ್ರ ಶಂಬೂಕನತ್ತ ಬೆರಳು ತೋರಿಸುತ್ತಾನೆ. ರಾಮ ಬಿಟ್ಟ ಬ್ರಹ್ಮಾಸ್ತ್ರ ತಪಸ್ವಿಯನ್ನು ಕೊಲ್ಲದೆ ದೂರು ತಂದವನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಅವನು ಶಂಬೂಕನಿಗೆ ನಮಸ್ಕರಿಸಿದ ಮೇಲಷ್ಟೇ ಮಗ ಬದುಕುತ್ತಾನೆ. ಹಳೆಯ ಕಥೆಯನ್ನು ಹೀಗೆ ತಿರುಗಿಸಬಾರದೆಂದು ಮಾಸ್ತಿ ಆಕ್ಷೇಪಿಸಿದರು. ಆದರೂ ಗುರಿಯನ್ನು ಬದಲಿಸುವ ಆ ಅಸ್ತ್ರವಿಲ್ಲದೆ ಕುವೆಂಪು ಹೇಳಬೇಕಾದ್ದು ಹೇಳಿದಂತಾಗುತ್ತಿರಲಿಲ್ಲ.

ಹೊರಗಿನ ವೇಷ ನೋಡುವವರನ್ನಷ್ಟೇ ದಾರಿ ತಪ್ಪಿಸುತ್ತದೆಯೇ? ತೊಟ್ಟವನನ್ನೂ ತಪ್ಪಿಸುತ್ತದೆ ಎಂದು ತೋರಿಸಿದವರು ಅದೇ ತಾಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿ. 1965ರಲ್ಲಿ ಪ್ರಕಟವಾದ 'ಸಂಸ್ಕಾರ' ಕಾದಂಬರಿಯಲ್ಲಿ, ದೂರ್ವಾಸಪುರವೆಂಬ ಬ್ರಾಹ್ಮಣರ ಅಗ್ರಹಾರದಲ್ಲಿ ಕುಡಿದು, ಮಾಂಸ ತಿಂದು, ಚಂದ್ರಿಯೊಡನೆ ಬಾಳಿದ ನಾರಣಪ್ಪ ಸಾಯುತ್ತಾನೆ. ಕೆಟ್ಟವನ ಸಂಸ್ಕಾರ ತಮಗೆ ಬೇಡವೆಂದು ಅಗ್ರಹಾರ ಹಿಂಜರಿಯುತ್ತದೆ. ಖರ್ಚಿಗೆಂದು ಚಂದ್ರಿ ತನ್ನ ಒಡವೆ ಬಿಚ್ಚಿಡುತ್ತಾಳೆ. ಆ ಬಂಗಾರ ಕಂಡದ್ದೇ ಹಿಂಜರಿಕೆಯ ಒಳಗಿದ್ದ ಆಸೆ ಬಯಲಾಗುತ್ತದೆ. ಆ ಊರಿನಲ್ಲಿ ಯಾವ ಲಾಭವನ್ನೂ ಎಣಿಸದೆ ಕೊಟ್ಟವಳು ಸೂಳೆಯೆನಿಸಿಕೊಂಡವಳೊಬ್ಬಳೇ.

ಅಗ್ರಹಾರದಲ್ಲಿ ಎಲ್ಲರೂ ಕೈಮುಗಿಯುವ ಪಂಡಿತ ಪ್ರಾಣೇಶಾಚಾರ್ಯರ ಗತಿ ಇನ್ನೂ ಕಠಿಣ. ಚಂದ್ರಿಯ ಸಂಗವಾಗಿದೆ, ಹೆಂಡತಿ ತೀರಿಕೊಂಡಿದ್ದಾಳೆ, ಸೂತಕ ಕಳೆದಿಲ್ಲ. ದಾರಿಯಲ್ಲಿ ಜೊತೆಯಾದ ಪುಟ್ಟನೊಡನೆ ಮೇಳಿಗೆಯ ತೇರಿಗೆ ಹೋಗಿ ದೇವಸ್ಥಾನದ ಪಂಕ್ತಿಯಲ್ಲಿ ಎಲೆಯ ಮುಂದೆ ಕೂರುತ್ತಾರೆ. ಸೂತಕದವನೊಬ್ಬ ಉಣ್ಣಲು ಕುಳಿತದ್ದು ಗೊತ್ತಾದರೆ ಊಟವೆಲ್ಲ ಮೈಲಿಗೆ, ತೇರೇ ನಿಲ್ಲಬಹುದು. ಅಷ್ಟರಲ್ಲಿ ಪಂಕ್ತಿಯಲ್ಲೊಬ್ಬ ಗುರುತು ಹಿಡಿಯುತ್ತಾನೆ. ಅವನ ಕಣ್ಣಿಗೆ ಬಿದ್ದದ್ದು ವೇದಾಂತ ಶಿರೋಮಣಿ ಪ್ರಾಣೇಶಾಚಾರ್ಯರು; ಆದರೆ ಆ ಹೆಸರಿಗೆ ತಾವೀಗ ಏನಾಗಬೇಕೆಂದು ಆಚಾರ್ಯರಿಗೇ ತಿಳಿಯದು. ಎದ್ದು ಓಡುತ್ತಾರೆ.

ಈ ಕಾದಂಬರಿ ಆಧರಿಸಿದ ಪಟ್ಟಾಭಿರಾಮ ರೆಡ್ಡಿಯವರ ಸಿನಿಮಾ 1970ರ ಸಾಲಿನ ಸ್ವರ್ಣಕಮಲ ಪಡೆಯುವ ಮೊದಲು ಸೆನ್ಸಾರಿನವರ ತಡೆಯನ್ನು ಎದುರಿಸಬೇಕಾಯಿತು. ಒಂದು ಸಮುದಾಯವನ್ನು ಹೀಗಳೆಯುವ ಕೃತಿಯೆಂಬ ದೂರು ಅದರ ಬೆನ್ನು ಬಿಡಲಿಲ್ಲ. ಆದರೆ ಆ ದೂರಿಗೆ ಆಧಾರವಿಲ್ಲ. ಯಾರಿಗೂ ಗೊತ್ತಾಗದಂತೆ ಬೇರೆ ಊರಿನಲ್ಲಿ ಬದುಕಿಬಿಡುವ ದಾರಿ ಆಚಾರ್ಯರ ಮುಂದೆ ತೆರೆದೇ ಇತ್ತು. ಅವರು ಗಾಡಿ ಹತ್ತಿದ್ದು ದೂರ್ವಾಸಪುರದ ಕಡೆಗೆ, ನಡೆದದ್ದನ್ನು ಅಗ್ರಹಾರದ ಮುಂದೆ ಹೇಳಿಬಿಡಬೇಕೆಂದು.