ಅರಿತು ಮಾಡುವ ಜಲಶುದ್ಧಿ

ನೀರನ್ನು ಗಾಳಿಸಿ ಕುಡಿಯುವುದು ಶ್ರಾವಕರ ನಿತ್ಯಾಚಾರವಷ್ಟೆ. ವಸ್ತ್ರದಲ್ಲಿ ಉಳಿದ ಜೀವಿಗಳನ್ನು ನೀರು ಸೇದಿದ ಬಾವಿಗೇ ಮರಳಿ ಬಿಡುವ ನಿಯಮವನ್ನು ನಮ್ಮ ಹಿರಿಯರು ಪಾಲಿಸಿಕೊಂಡು ಬಂದರು. ಆದರೆ ನೀರಿನಲ್ಲಿ ಕರಗಿದ ವಿಷವನ್ನು ಯಾವ ವಸ್ತ್ರವೂ ತಡೆಯಲಾರದು. ಭೂಗರ್ಭದ ಜಲವೇ ಕೆಟ್ಟಾಗ ಅದನ್ನು ಶುದ್ಧಗೊಳಿಸಬೇಕಾದವರ ಮೊದಲ ಕರ್ತವ್ಯ ಯಾವುದು?

ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಛಡಿ ಗ್ರಾಮದ ವೃತ್ತಾಂತವನ್ನು ಇಲ್ಲಿ ನೆನೆಯಬೇಕು. ಬಣ್ಣಗಳ ತಯಾರಿಕೆಗೆ ಬೇಕಾಗುವ ಎಚ್-ಆಮ್ಲವನ್ನು ಅಲ್ಲಿ 1988ರ ಸುಮಾರಿಗೆ ಉತ್ಪಾದಿಸಲಾಯಿತು. ಆ ಕಾರ್ಯ ಬಹುಕಾಲ ನಡೆಯಲಿಲ್ಲ; ಆದರೆ ಸುಮಾರು 2,400 ಟನ್ ವಿಷಕೆಸರು ಉಳಿಯಿತು. ಅದರ ಸಾರವು ಮಳೆನೀರಿನೊಡನೆ ನೆಲಕ್ಕಿಳಿದು, ಬಾವಿಗಳ ನೀರು ಬಣ್ಣಗೆಟ್ಟು, ಜನರಿಗೂ ದನಕರುಗಳಿಗೂ ಬೆಳೆಗೂ ಒದಗದಂತಾಯಿತು. ಕೆಡಿಸಿದವರೇ ಶುದ್ಧೀಕರಣದ ವೆಚ್ಚ ಭರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪಿತ್ತಿತು. 2011ರಲ್ಲಿಯೂ ಅದೇ ನ್ಯಾಯಾಲಯವು 37.385 ಕೋಟಿ ರೂಪಾಯಿಗಳನ್ನು ಬಡ್ಡಿಸಹಿತ ಕಟ್ಟಬೇಕೆಂದು ಆದೇಶಿಸಬೇಕಾಯಿತು.

ಹಣ ದೊರೆತ ಮಾತ್ರಕ್ಕೆ ನೀರು ಶುದ್ಧವಾಗದು. ವಿಷದ ಮೂಲವೆಲ್ಲಿ, ಅದು ಎಷ್ಟು ಆಳಕ್ಕಿಳಿದಿದೆ, ಬಂಡೆಯ ಯಾವ ಬಿರುಕಿನಲ್ಲಿ ಯಾವ ದಿಕ್ಕಿಗೆ ಹರಿಯುತ್ತಿದೆ ಎಂಬುದನ್ನು ಮೊದಲು ತಿಳಿಯಬೇಕು. ಅದಕ್ಕಾಗಿ ಹಲವು ಸ್ಥಳಗಳಲ್ಲಿ, ಹಲವು ಆಳಗಳಲ್ಲಿ ಪರೀಕ್ಷಾ ಕೊಳವೆಬಾವಿಗಳನ್ನು ಕೊರೆದು, ಮಳೆಗಾಲದಲ್ಲಿಯೂ ಬೇಸಿಗೆಯಲ್ಲಿಯೂ ಮಣ್ಣು-ನೀರುಗಳನ್ನು ಪರೀಕ್ಷಿಸುತ್ತಾರೆ. ಒಂದೇ ಬಾವಿಯನ್ನು ನೋಡಿ ಊರಿನ ನೀರೆಲ್ಲ ನಿರ್ಮಲವೆನ್ನುವುದು ಏಕಾಂತವಾದವೇ ಸರಿ. ಅರಿಯದೆ ತಪ್ಪು ಸ್ಥಳದಲ್ಲಿ ನೀರೆತ್ತಿದರೆ ವಿಷವು ನೆರೆಯ ಒಳ್ಳೆಯ ಬಾವಿಯ ಕಡೆಗೂ ಸೆಳೆಯಲ್ಪಡಬಹುದು. ಸದುದ್ದೇಶವಿದ್ದರೂ ಇಂತಹ ಅಜಾಗರೂಕತೆ ಪ್ರಮಾದವೇ, ಪ್ರಮಾದದಿಂದ ಹಿಂಸೆ.

ಏಳು ತತ್ತ್ವಗಳಲ್ಲಿ ನಿರ್ಜರೆಗಿಂತ ಮೊದಲು ಸಂವರವನ್ನು ಹೇಳಿರುವುದು ಇಲ್ಲಿಯೂ ದಾರಿ ತೋರುತ್ತದೆ. ಕೆಸರಿನ ರಾಶಿ ಮೇಲೆ ಇರುವಾಗ ಕೆಳಗಿನ ನೀರನ್ನು ತೊಳೆದು ಫಲವಿಲ್ಲ. ಮೊದಲು ಒಳಹರಿವನ್ನು ತಡೆಯಬೇಕು. ಆ ಬಳಿಕ ಸೇರಿದುದನ್ನು ಕಳೆಯಬೇಕು. ಮಣ್ಣು ಮತ್ತು ಬಂಡೆಯ ಸೂಕ್ಷ್ಮ ರಂಧ್ರಗಳಲ್ಲಿ ಅಂಟಿದ್ದು ಮೆಲ್ಲಮೆಲ್ಲನೆ ಮರಳಿ ಜಿನುಗುವುದರಿಂದ ಈ ಕಾರ್ಯಕ್ಕೆ ದೀರ್ಘ ತಾಳ್ಮೆ ಬೇಕು.

ಆದರೆ ಅರಿಯುವ ನೆಪದಲ್ಲಿ ವರ್ಷಗಳನ್ನು ಕಳೆಯುವುದೂ ಧರ್ಮವಲ್ಲ. ಪರೀಕ್ಷೆ ನಡೆಯುವಷ್ಟು ಕಾಲ ಆ ಊರಿನವರ ಮನೆಬಾಗಿಲಿಗೆ ಶುದ್ಧ ನೀರು ತಲುಪಬೇಕು. ಅದು ಉಪಕಾರವಲ್ಲ, ಋಣ.

ಧರ್ಮಬಂಧುಗಳೇ, ನಮ್ಮಲ್ಲಿ ವ್ಯಾಪಾರಿಗಳೂ ಉದ್ಯಮಿಗಳೂ ಅನೇಕರಿದ್ದಾರೆ. ಲಾಭದ ಲೆಕ್ಕವನ್ನು ವರ್ಷಾಂತ್ಯಕ್ಕೆ ಮುಗಿಸುತ್ತೇವೆ. ನಾವು ಚೆಲ್ಲಿದ್ದು ಯಾರ ಬಾವಿಗೆ ಸೇರುತ್ತಿದೆಯೆಂಬ ಲೆಕ್ಕವನ್ನೂ ಅದರೊಡನೆಯೇ ನಾವೇ ಬರೆದಿಡೋಣ.

ಜೈ ಜಿನೇಂದ್ರ.