ಜಕ್ಕಾಯನ ಲೆಕ್ಕ

ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಸುಂಕಸಾಳ ಎಂಬ ಊರಿದೆ. ಹೆಸರಿನಲ್ಲೇ ಸುಂಕವಿರುವ ಊರು. ಶುಭಸಂದೇಶವನ್ನು ಓದುವ ಅಭ್ಯಾಸವಿರುವವರಿಗೆ ಆ ಹೆಸರು ಕೇಳಿದಾಗ ಜಕ್ಕಾಯ ನೆನಪಾದರೆ ಆಶ್ಚರ್ಯವಿಲ್ಲ.

ಧರ್ಮೋಪದೇಶದ ತರಗತಿಯಲ್ಲಿ ಜಕ್ಕಾಯನನ್ನು ಮರ ಹತ್ತಿದ ಗಿಡ್ಡ ಮನುಷ್ಯನೆಂದು ಮಕ್ಕಳಿಗೆ ಪರಿಚಯಿಸುತ್ತೇವೆ. ಮಕ್ಕಳು ನಗುತ್ತಾರೆ, ನಾವೂ ನಗುತ್ತೇವೆ. ಮರದಿಂದ ಇಳಿದ ಮೇಲೆ ನಡೆದದ್ದನ್ನು ಮಾತ್ರ ಬೇಗ ಮುಗಿಸಿಬಿಡುತ್ತೇವೆ. ಸಂತ ಲೂಕರ 19ನೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಜಕ್ಕಾಯ ಸುಂಕದವರ ಮುಖ್ಯಸ್ಥ. ಹುಟ್ಟಿನಿಂದ ಅಬ್ರಹಾಮನ ಕುಲದವನೇ. ಆದರೆ ಪ್ರಭುವಿನ ಮುಂದೆ ನಿಂತಾಗ ಅವನು ಕುಲದ ಮಾತೆತ್ತಲಿಲ್ಲ, ಲೆಕ್ಕದ ಮಾತೆತ್ತಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ. ಯಾರಿಂದ ಮೋಸದಿಂದ ಕಿತ್ತುಕೊಂಡಿದ್ದಾನೋ ಅವರಿಗೇ ನಾಲ್ಕರಷ್ಟು. ದೇವರ ಬಳಿ ತಪ್ಪೊಪ್ಪಿಕೊಂಡಾಯಿತು, ಇನ್ನು ಯಾರೂ ಆ ಮಾತೆತ್ತಬೇಡಿ ಎಂದು ಅವನು ಹೇಳಲಿಲ್ಲ. ಜೆರಿಕೊ ಪಟ್ಟಣದ ಸುಂಕದವರ ಮರ್ಯಾದೆ ಏನಾದೀತು ಎಂದೂ ಯೋಚಿಸಲಿಲ್ಲ. ಅವನು ಈ ಲೆಕ್ಕ ಒಪ್ಪಿಸಿದ ಮೇಲೆಯೇ ಆ ಮನೆಗೆ ಉದ್ಧಾರ ಬಂದಿದೆಯೆಂದು ಪ್ರಭು ಸಾರಿದರು, ಅವನನ್ನೂ ಅಬ್ರಹಾಮನ ಮಗನೆಂದು ಕರೆದರು.

ನಾವು ಯಾವುದರಿಂದ ಕ್ರೈಸ್ತರು? 1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟು ರೂಪುಗೊಂಡ ನಮ್ಮ ಕಾರವಾರ ಧರ್ಮಪ್ರಾಂತದಲ್ಲಿ ಕೊಂಕಣಿ ಮಾತಾಡುವ ಕರಾವಳಿಯ ಮನೆಗಳಿವೆ, ಯಲ್ಲಾಪುರ, ಹಳಿಯಾಳಗಳ ಕಾಡಂಚಿನ ಸಿದ್ದಿ ಕುಟುಂಬಗಳಿವೆ. ಕ್ರಿಸ್ಮಸ್ಸಿಗೆ ನೆವ್ರಿ, ದೋದೋಲು, ಮದುವೆಯ ಮುನ್ನಾದಿನ ರೋಸ್, ಸಂಜೆ ದೀಪ ಹಚ್ಚಿ ಜಪಸರ, ಸತ್ತವರಿಗಾಗಿ ಪೂಜೆ. ಇವನ್ನು ಹಗುರವಾಗಿ ಕಾಣುವವನು ನಾನಲ್ಲ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಜಪಸರದ ಮೂಲಕವೇ ಮೊಮ್ಮಕ್ಕಳಿಗೆ ವಿಶ್ವಾಸ ಇಳಿದುಬಂದಿದೆ. ಆದರೆ ಆಚಾರದೊಳಗೆ ವಿಶ್ವಾಸ ಇನ್ನೂ ಉಸಿರಾಡುತ್ತಿದೆಯೇ, ಅಥವಾ ಬರಿಯ ಚಿಪ್ಪು ಉಳಿದಿದೆಯೇ ಎಂಬುದು ಹಬ್ಬದ ದಿನ ತಿಳಿಯುವುದಿಲ್ಲ.

ಅದು ತಿಳಿಯುವುದು ಮಗುವೊಂದು ಮನೆಗೆ ಬಂದು ತಲೆ ತಗ್ಗಿಸಿ, ದೇವಾಲಯದ ಆವರಣದಲ್ಲೋ ಹಾಸ್ಟೆಲಿನಲ್ಲೋ ತನಗಾದದ್ದನ್ನು ಹೇಳಿದಾಗ. ಆಗ ಮನೆಯಲ್ಲಿ ಹೊರಡುವ ಮೊದಲ ಮಾತು ಯಾವುದು? “ಛೀ, ಫಾದರ್ ಬಗ್ಗೆ ಹಾಗೆಲ್ಲ ಹೇಳಬಾರದು” ಎಂದೇ? “ಹೊರಗೆ ಗೊತ್ತಾದರೆ ನಾಳೆ ನಿನ್ನ ಮದುವೆ ಹೇಗೆ?” ಎಂದೇ? ಇಂಥ ಮಾತು ಬಂದರೆ ಅದನ್ನು ಆಡಿದ್ದು ಕ್ರಿಸ್ತ ವಿಶ್ವಾಸವಲ್ಲ, ಮರ್ಯಾದೆಯ ಭಯ.

ಕೊಡಗಿಗೆ ತಾಗಿಕೊಂಡಿರುವ ಕಣ್ಣೂರು ಜಿಲ್ಲೆಯ ಕೊಟ್ಟಿಯೂರಿನಲ್ಲಿ 2017ರಲ್ಲಿ ಬೆಳಕಿಗೆ ಬಂದದ್ದನ್ನು ನೆನಪಿಸಿಕೊಳ್ಳಿ. ಪ್ರಾಯಕ್ಕೆ ಬಾರದ ಹುಡುಗಿಯೊಬ್ಬಳು ತಾಯಿಯಾದಳು. ಮೊದಲು ಸ್ವಂತ ತಂದೆಯೇ ಆ ತಪ್ಪನ್ನು ತನ್ನ ಮೇಲೆ ಎಳೆದುಕೊಂಡರೆಂದು ಆಗ ವರದಿಯಾಗಿತ್ತು. ಆರೋಪಿ ಅಲ್ಲಿಯ ಧರ್ಮಕೇಂದ್ರದ ಗುರುಗಳೇ ಆಗಿದ್ದರು. 2019ರ ಫೆಬ್ರವರಿಯಲ್ಲಿ ತಲಶ್ಶೇರಿಯ ನ್ಯಾಯಾಲಯ ಅವರಿಗೆ 20 ವರ್ಷಗಳ ಶಿಕ್ಷೆ ವಿಧಿಸಿತು; 2021ರಲ್ಲಿ ಹೈಕೋರ್ಟು ಅದನ್ನು 10 ವರ್ಷಕ್ಕೆ ಇಳಿಸಿತು. 2020ರಲ್ಲಿ ಅವರನ್ನು ಗುರುಪದವಿಯಿಂದ ತೆಗೆದುಹಾಕಲಾಯಿತು.

ಶಿಕ್ಷೆಯ ಲೆಕ್ಕವನ್ನು ನ್ಯಾಯಾಲಯಕ್ಕೆ ಬಿಡೋಣ. ಆ ತಂದೆಯನ್ನು ನೋಡಿ. ಹೆತ್ತ ಮಗಳನ್ನೇ ಕೆಡಿಸಿದವನೆಂಬ ಹೆಸರನ್ನಾದರೂ ಹೊರುತ್ತೇನೆ, ಗುರುಗಳ ಹೆಸರು ಉಳಿಯಲಿ ಎಂಬಲ್ಲಿಗೆ ಒಬ್ಬ ಮನುಷ್ಯ ಬಂದು ನಿಲ್ಲಬೇಕಾದರೆ ಅವನ ಬೆನ್ನ ಮೇಲೆ ಎಷ್ಟು ಭಾರವಿದ್ದಿರಬೇಕು! ಆ ಭಾರವನ್ನು ಹೊರಿಸಿದ್ದು ಯಾರೋ ಒಬ್ಬರಲ್ಲ. ನಮ್ಮಂಥ ಸಮುದಾಯಗಳೇ, ತಲೆಮಾರುಗಳಿಂದ. ಅದನ್ನು ಭಕ್ತಿಯೆಂದೇ ತಿಳಿದು ಹೊರಿಸಿದ್ದೇವೆ.

ಇಲ್ಲಿ ಒಂದು ಸುಲಭದ ಉತ್ತರಕ್ಕೆ ಮೋಸಹೋಗಬಾರದು. ವರ್ಷಕ್ಕೊಮ್ಮೆ ಪೂಜೆಗೆ ಬರುವವರು ಹೆಸರಿಗಷ್ಟೇ ಕ್ರೈಸ್ತರು, ದಿನವೂ ಬರುವವರು ನಿಜವಾದ ವಿಶ್ವಾಸಿಗಳು, ತಪ್ಪೆಲ್ಲ ಮೊದಲಿನವರದು ಎಂಬ ಉತ್ತರ ಅದು. ದಿನವೂ ಪರಮಪ್ರಸಾದ ಸ್ವೀಕರಿಸುವವರೇ ಬಾಯಿ ಮುಚ್ಚಿಸಿದ ಉದಾಹರಣೆಗಳಿವೆ. ಬೌದ್ಧಿಕ ದೌರ್ಬಲ್ಯವಿರುವವರಿಗಾಗಿ ‘ಲಾರ್ಶ್’ ಸಮುದಾಯಗಳನ್ನು ಕಟ್ಟಿ ಜಗತ್ತಿನಾದ್ಯಂತ ಸಂತನಂತೆ ಗೌರವಿಸಲ್ಪಟ್ಟ ಜಾನ್ ವಾನಿಯೇ 2019ರಲ್ಲಿ ತೀರಿಕೊಂಡರು. ಮರುವರ್ಷವೇ ಅವರ ಸ್ವಂತ ಸಂಸ್ಥೆ ತನಿಖೆ ನಡೆಸಿ, ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಅವರು ಸ್ತ್ರೀಯರ ಮೇಲೆ ಎಸಗಿದ ದೌರ್ಜನ್ಯವನ್ನು ತಾನೇ ಪ್ರಕಟಿಸಿತು. ಬೆಂಗಳೂರಿನ ಆಶಾನಿಕೇತನ ಹುಟ್ಟಿದ್ದು ಅದೇ ಬಳಗದಿಂದ. ಆ ಮನೆಗಳಲ್ಲಿ ಸೇವೆ ಮಾಡುವವರ ಎದೆಗೆ ಆ ಸುದ್ದಿ ಎಷ್ಟು ಇರಿದಿರಬೇಕು! ಆದರೂ ಸಂಸ್ಥೆ ಮುಚ್ಚಿಡಲಿಲ್ಲ. ಪ್ರಾಮಾಣಿಕ ವಿಶ್ವಾಸಕ್ಕೆ ನನಗೆ ಕಾಣುವ ಗುರುತು ಇದೇ: ಸತ್ಯ ಹೊರಬಂದರೆ ತನ್ನ ದೇವರು ಬಿದ್ದುಹೋಗುವನೆಂಬ ಭಯ ಅದಕ್ಕಿಲ್ಲ.

ಧರ್ಮಸಭೆಯೂ ಈ ಪಾಠವನ್ನು ತಡವಾಗಿಯೇ ಕಲಿತಿದೆ. 1983ರ ಧರ್ಮಸಭಾ ಕಾನೂನಿನಲ್ಲಿ ಗುರುವೊಬ್ಬರು ಮಗುವಿನ ಮೇಲೆ ಎಸಗುವ ದೌರ್ಜನ್ಯವನ್ನು ಗುರುಪದವಿಯ ಕರ್ತವ್ಯಭಂಗಗಳ ಸಾಲಿನಲ್ಲಿ, 1395ನೇ ನಿಯಮದಡಿ ಇಡಲಾಗಿತ್ತು. ಅಂದರೆ ಅದನ್ನು ಬ್ರಹ್ಮಚರ್ಯಕ್ಕೆ ಆದ ಚ್ಯುತಿಯಾಗಿ ಕಾಣಲಾಗುತ್ತಿತ್ತು. ಮಗು ಎಲ್ಲಿ? ಆ ಲೆಕ್ಕದಲ್ಲಿ ಮಗುವೇ ಇರಲಿಲ್ಲ! 2021ರ ಡಿಸೆಂಬರ್ 8ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ ಅದೇ ಅಪರಾಧ 1398ನೇ ನಿಯಮಕ್ಕೆ, ಮಾನವ ಜೀವ, ಘನತೆ, ಸ್ವಾತಂತ್ರ್ಯಗಳ ವಿರುದ್ಧದ ಅಪರಾಧಗಳ ಭಾಗಕ್ಕೆ ಸರಿಯಿತು. ಬದಲಾದದ್ದು ಬರಿಯ ಸಂಖ್ಯೆಯೆಂದು ತೋರಬಹುದು. ಆದರೆ ಯಾರ ವಿರುದ್ಧ ಪಾಪ ನಡೆಯಿತೆಂಬ ಉತ್ತರವೇ ಬದಲಾಗಿದೆ. ಜಕ್ಕಾಯ ಹಣ ಹಿಂದಿರುಗಿಸುವುದಾಗಿ ಹೇಳಿದ್ದು ಸುಂಕದ ಇಲಾಖೆಗಲ್ಲ, ಕಳೆದುಕೊಂಡವರಿಗೆ.

ದೇಶದ ಕಾನೂನು ಇನ್ನೂ ನೇರ. 2012ರ ಪೋಕ್ಸೋ ಕಾಯಿದೆಯ 19ನೇ ಕಲಮಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. ಸುಮ್ಮನಿದ್ದರೆ 21ನೇ ಕಲಮಿನಡಿ ಅದೇ ಅಪರಾಧ. ಸಂಸ್ಥೆಯ ಮುಖ್ಯಸ್ಥರು ಸುಮ್ಮನಿದ್ದರೆ ಒಂದು ವರ್ಷದವರೆಗೆ ಸಜೆ. ಪಾಪನಿವೇದನೆಯ ಗುಟ್ಟನ್ನು ಧರ್ಮಸಭೆ ಎಂದೂ ಬಿಟ್ಟುಕೊಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ತಾಯಿಯೊಬ್ಬಳು ಗುರುಗಳ ಕಚೇರಿಯಲ್ಲಿ ಕುಳಿತು ಅಳುತ್ತಾ ಹೇಳಿದ್ದು ಪಾಪನಿವೇದನೆಯಲ್ಲ. ಎರಡನ್ನೂ ಬೆರೆಸಿ ಒಂದರ ಮರೆಯಲ್ಲಿ ಇನ್ನೊಂದನ್ನು ಅಡಗಿಸುವುದು ಸಂಸ್ಕಾರಕ್ಕೇ ಮಾಡುವ ಅವಮಾನ.

“ನಾವು ಅಲ್ಪಸಂಖ್ಯಾತರು. ನಮ್ಮ ಮನೆಯ ಮಾತು ಬೀದಿಗೆ ಬಂದರೆ ಕಾದು ಕುಳಿತವರಿಗೆ ಹಬ್ಬ” ಎನ್ನುವವರಿದ್ದಾರೆ. ಇದನ್ನು ನಾನು ತಳ್ಳಿಹಾಕಲಾರೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲೂ ರಾಜ್ಯದ ಇತರೆಡೆಗಳಲ್ಲೂ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಗಳನ್ನು ಕಂಡವರಿಗೆ ಆ ಭಯ ಸುಳ್ಳಲ್ಲ. ಆದರೆ ಆ ಮಗು ಯಾರು? ಅಲ್ಪಸಂಖ್ಯಾತರಲ್ಲಿ ಅಲ್ಪಸಂಖ್ಯಾತ. ನಮ್ಮೊಳಗೆ ಅದಕ್ಕೆ ಜಾಗವಿಲ್ಲವಾದರೆ ಹೊರಗಿನವರಿಂದ ನಾವು ಕಾಪಾಡುತ್ತಿರುವುದಾದರೂ ಯಾವುದನ್ನು?

ಸುಳ್ಳು ದೂರಿನ ಭಯವೂ ಇದೆ. ಆರೋಪಿತ ಗುರುಗಳಿಗೂ ನ್ಯಾಯ ಬೇಕು, ನಿಜ; ಅದಕ್ಕೇ ವಿಚಾರಣೆ ಬೇಗ ಆಗಬೇಕು. ಮೈಸೂರು ಧರ್ಮಪ್ರಾಂತದ 37 ಗುರುಗಳು ತಮ್ಮ ಧರ್ಮಾಧ್ಯಕ್ಷರ ಮೇಲೆ ಆರೋಪ ಹೊರಿಸಿ ರೋಮಿಗೆ ಬರೆದದ್ದು 2019ರಲ್ಲಿ. ಅದು ಬೇರೆ ಬಗೆಯ ಪ್ರಕರಣ, ಅವರು ಆರೋಪಗಳನ್ನು ಅಲ್ಲಗಳೆದಿದ್ದರು. ಅವರು ರಜೆಯ ಮೇಲೆ ತೆರಳಿ ಆಡಳಿತಾಧಿಕಾರಿ ಬಂದದ್ದು 2023ರ ಜನವರಿಯಲ್ಲಿ. ನಡುವಿನ ಮೂರು ವರ್ಷ ದೂರಿದವರಿಗೂ, ದೂರಿಗೊಳಗಾದವರಿಗೂ, ಬೆಂಚಿನಲ್ಲಿ ಕುಳಿತು ಬಲಿಪೂಜೆ ಕೇಳುವ ಜನರಿಗೂ ನ್ಯಾಯವೆನಿಸಲಾರದು. ಗಾಳಿಮಾತಿಗೆ ಇಷ್ಟು ಬಿಡುವು ಸಿಕ್ಕರೆ ನಿರಪರಾಧಿಯೂ ಉಳಿಯುವುದಿಲ್ಲ.

2019ರಲ್ಲಿ ಜಗದ್ಗುರು ಫ್ರಾನ್ಸಿಸ್ ಹೊರಡಿಸಿದ ಆಜ್ಞೆ ಗುರುಗಳೂ ಕನ್ಯಾಸ್ತ್ರೀಯರೂ ತಮಗೆ ತಿಳಿದದ್ದನ್ನು ವರದಿ ಮಾಡಲೇಬೇಕೆಂದಿತು. ದೂರು ಸ್ವೀಕರಿಸಲು ಜನರ ಕೈಗೆಟಕುವ ವ್ಯವಸ್ಥೆ ಪ್ರತಿ ಧರ್ಮಪ್ರಾಂತದಲ್ಲೂ ವರ್ಷದೊಳಗೆ ಆಗಬೇಕೆಂದೂ ವಿಧಿಸಿತು. ಮುಂದಿನ ಧರ್ಮಕೇಂದ್ರ ಪಾಲನಾ ಸಭೆಯಲ್ಲಿ ಯಾರಾದರೂ ಎದ್ದು ಇದನ್ನು ಕೇಳಬಹುದು. ದೇವಾಲಯದ ಬಾಗಿಲಲ್ಲಿ ಮದುವೆಯ ಪ್ರಕಟಣೆ ಅಂಟಿಸುತ್ತೇವೆ, ಹಬ್ಬದ ದೇಣಿಗೆಯ ಪಟ್ಟಿ ಪೈಸೆ ಸಮೇತ ಅಂಟಿಸುತ್ತೇವೆ. ಅದೇ ಹಲಗೆಯ ಮೇಲೆ ದೂರು ಕೇಳುವವರ ಹೆಸರು, ಫೋನ್ ನಂಬರು, ಮಕ್ಕಳ ಸಹಾಯವಾಣಿ 1098 ಇವೆಯೇ? ಇದ್ದರೆ, ಸುಂಕಸಾಳದ ಆಚೆಯ ಕಾಡುದಾರಿಯಿಂದ ಬಸ್ಸು ಹಿಡಿದು ಬಂದ ತಾಯಿಗೆ ಓದಲು ಬರುವ ಭಾಷೆಯಲ್ಲಿವೆಯೇ?