ಹೇಳದ ಮಾತಿನ ವಿಷ

ವಾಚಕರೇ, ಕೈಯಿಂದ ಮಾಡಿದ ಹಿಂಸೆಯನ್ನು ಲೋಕವು ಕಾಣುತ್ತದೆ. ಬಾಯಿ ಮುಚ್ಚಿಕೊಂಡು ಮಾಡಿದ ಹಿಂಸೆಯನ್ನು ಕಾಣುವವರಾರು? ಹಿಪ್ಪುನೇರಳೆಯ ತೋಟವು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ರೇಷ್ಮೆಹುಳು ಸಾವಿರಾರು ವರ್ಷಗಳಿಂದ ಮನುಷ್ಯನ ಆಶ್ರಯದಲ್ಲಿಯೇ ಬೆಳೆದುಬಂದ ಜೀವಿ. ಆಹಾರವನ್ನು ಅರಸಿ ಹೋಗಲು ಅದು ಅರಿಯದು. ತಟ್ಟೆಗೆ ಹಾಕಿದ ಸೊಪ್ಪೇ ಅದರ ಲೋಕ. ನಾಲ್ಕು ಜ್ವರಗಳನ್ನು ದಾಟಿದ ಬಳಿಕ, ಸುಮಾರು ಒಂದು ವಾರದಲ್ಲಿ, ತನ್ನ ಜೀವಮಾನದ ಆಹಾರದ ಶೇಕಡ 80ಕ್ಕೂ ಹೆಚ್ಚಿನ ಭಾಗವನ್ನು ಅದು ತಿನ್ನುತ್ತದೆ. ಆ ಸೊಪ್ಪಿನಲ್ಲಿ ಕೀಟನಾಶಕದ ಅಂಶವು ಉಳಿದಿದ್ದರೆ ಹುಳು ತಲೆಯನ್ನು ಅತ್ತಿತ್ತ ಹೊರಳಿಸಿ, ದ್ರವವನ್ನು ಕಕ್ಕಿ, ಮೈ ಕುಗ್ಗಿ ಸಾಯುತ್ತದೆ. ವಿಷವು ಅಲ್ಪವಾಗಿದ್ದರೆ ಬದುಕಿ ಉಳಿದರೂ ಗೂಡು ಕಟ್ಟದೆ ಹೋಗಬಹುದು, ಇಲ್ಲವೆ ತೆಳುವಾದ ಗೂಡನ್ನು ಕಟ್ಟಬಹುದು. ಸಾಕಿದವನ ದುಡಿಮೆಯೂ ಸಾಲವೂ ಆ ಚಂದ್ರಿಕೆಯನ್ನೇ ನೆಚ್ಚಿಕೊಂಡಿರುತ್ತವೆ.

ಕೋಲಾರ, ಚಿಕ್ಕಬಳ್ಳಾಪುರಗಳ ಸೀಮೆಯಲ್ಲಿ ಹಿಪ್ಪುನೇರಳೆಯ ಬದುವಿನಾಚೆಗೇ ಟೊಮೆಟೊ, ದ್ರಾಕ್ಷಿ ಬೆಳೆಗಳುಂಟು. ಅಲ್ಲಿ ಹೊಡೆದ ಔಷಧಿಯನ್ನು ಗಾಳಿ ಇತ್ತ ತರುತ್ತದೆ. ಸೊಪ್ಪನ್ನು ಕೊಂಡು ತಂದು ಹುಳು ಸಾಕುವವರೂ ಇದ್ದಾರೆ. ಎಲೆಯನ್ನು ನೋಡಿ ವಿಷವನ್ನು ಗುರುತಿಸಲಾಗದು. ಔಷಧಿ ಹೊಡೆದ ದಿನವನ್ನು ಬಲ್ಲವನು ಹೊಡೆದವನೇ. ಹಿಪ್ಪುನೇರಳೆಗೂ ಬಳಕೆಯಲ್ಲಿದ್ದ ಡೈಕ್ಲೋರ್ವಾಸ್ ಎಂಬ ಔಷಧಿಯು 2020ರ ಡಿಸೆಂಬರ್ 31ರಿಂದ ನಮ್ಮ ದೇಶದಲ್ಲಿ ನಿಷಿದ್ಧವಾಗಿದೆ. ಆದರೆ ಯಾವ ಶಾಸನವೂ ನೆರೆಯವನ ಬಾಗಿಲಿಗೆ ಹೋಗಿ, “ಅಣ್ಣಾ, ಈ ವಾರ ಇತ್ತಲಿನ ಸೊಪ್ಪನ್ನು ಕೊಯ್ಯಬೇಡ” ಎಂದು ಹೇಳಲಾರದು.

“ಕೊಲ್ಲುವ ಉದ್ದೇಶ ನನಗಿರಲಿಲ್ಲ” ಎನ್ನಬಹುದು. ನಿಜ. ತನ್ನ ಬೆಳೆಯನ್ನು ಉಳಿಸಿಕೊಳ್ಳುವುದೂ ತಪ್ಪಲ್ಲ. ಆದರೆ ಉದ್ದೇಶವಿಲ್ಲದಿರುವುದು ಬೇರೆ, ಅರಿತೂ ಸುಮ್ಮನಿರುವುದು ಬೇರೆ.

“ಗೂಡಿನೊಳಗಿನ ಜೀವವನ್ನು ಹೇಗೂ ಬಿಸಿಯಲ್ಲಿ ಕೊಲ್ಲುವವರಿಗೆ ಈ ಕರುಣೆ ಏತಕ್ಕೆ?” ಎಂದು ಕೆಲವರು ಕೇಳಿಯಾರು. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ರೇಷ್ಮೆಯನ್ನು ಉಡುವ ನಾವಾರೂ ಆ ಸಾವಿನ ಹೊಣೆಯಿಂದ ಹೊರತಲ್ಲ. ಆದರೂ ಒಂದು ಹಿಂಸೆಯು ಇನ್ನೊಂದಕ್ಕೆ ಅಪ್ಪಣೆಯಾಗಲಾರದು. ಇಲ್ಲಿ ನೊಂದವರು ಇಬ್ಬರು: ಮಾತು ಬಾರದ ಹುಳು, ಮಾತನ್ನು ನಂಬಿದ ಮನುಷ್ಯ.

ಸೊಪ್ಪು ಮಾರುವವನು ಔಷಧಿಯ ದಿನವನ್ನು ಹೇಳಿದರೆ ಅಂದಿನ ವ್ಯಾಪಾರವು ಕೈತಪ್ಪೀತು. ಸತ್ಯಕ್ಕೆ ಬೆಲೆ ತೆರಬೇಕಾಗುವುದು ಅಲ್ಲಿಯೇ; ಬೆಲೆ ತೆರದೆ ಆಡುವ ಸತ್ಯದಲ್ಲಿ ಹೆಚ್ಚುಗಾರಿಕೆ ಏನಿದೆ? ಆದುದರಿಂದ, ವಾಚಕರೇ, ಔಷಧಿಯ ಡಬ್ಬವನ್ನು ಬೆನ್ನಿಗೇರಿಸುವ ಮುನ್ನ ಬದುವಿನಾಚೆಗೆ ಒಂದು ಮಾತು ಕೂಗಿ ಹೇಳೋಣ. ಹೊಲಕ್ಕೆ ಬದು ಉಂಟು. ಗಾಳಿಗಿಲ್ಲ, ನಮ್ಮ ಹೊಣೆಗೂ ಇಲ್ಲ.